ಸೆಖೆಯೂರಿನ ಉಲ್ಲನ್ ಬಾಯಮ್ಮ

ಡಿಸೆಂಬರಿನಲ್ಲೂ ಬೀಸಣಿಗೆ ಹುಡುಕುವ ಊರಿನಲ್ಲಿ ಒಬ್ಬ ಹೆಂಗಸು ಜೀವನವಿಡೀ ಉಲ್ಲನ್ ಹೆಣೆದರು. ಅದೂ ಕಡ್ಡಿ ಹಿಡಿದು ಅಲ್ಲ, ಮೆಷಿನಿನಲ್ಲಿ. ಆದಿ ಉಡುಪಿಯಿಂದ ಕಡಲಿನ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೂ ಅವರದೂ ಬೇಲಿಗೆ ಬೇಲಿ ತಾಗಿದ ಮನೆ. ಹೆಸರು ಹೇಳುವುದಿಲ್ಲ. ಹೇಳಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಯಾಕೆಂದರೆ ಕ್ರಿಸ್ತರ ಹೆಂಗಸರನ್ನು ಬಾಯಮ್ಮ ಎನ್ನುವ ನಮ್ಮೂರಿಗೆಲ್ಲ ಅವರು ಉಲ್ಲನ್ ಬಾಯಮ್ಮ. ಮೀನಿನವಳಿಗೂ, ಪೋಸ್ಟಿನವನಿಗೂ, ನಮ್ಮ ಮನೆಯ ನಾಯಿಗೂ ಕೂಡ. ಬಾಯಮ್ಮ ಎಂದರೆ ಸಾಕು, ಅದು ಬೇಲಿಯ ಕಡೆ ಓಡುತ್ತಿತ್ತು.

ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ಚಹಾ ಕುಡಿಯುವಾಗ ಲೋಟ ಹಿಡಿದು ಅಂಗಳದಲ್ಲಿ ತಿರುಗುತ್ತಿದ್ದರು. ಅರ್ಧ ಕುಡಿದು ಎಲ್ಲಿಯೋ ಇಟ್ಟು, ಆಮೇಲೆ ಲೋಟ ಹುಡುಕುತ್ತಾ ಇನ್ನೊಂದು ಸುತ್ತು ತಿರುಗುತ್ತಿದ್ದರು. ಮಾತಾಡುವಾಗ ಎದುರಿನವರ ಸೆರಗಿನಲ್ಲಿ ಬಿಟ್ಟ ನೂಲನ್ನು ಕಿತ್ತು ಬೆರಳಿಗೆ ಸುತ್ತುತ್ತಿದ್ದರು. ನನ್ನ ಲಂಗದ ಅಂಚು ಹಾಗೆಯೇ ಎರಡು ಬೆರಳಿನಷ್ಟು ಹೋಗಿತ್ತು. ಅಮ್ಮ ಕೇಳಿದಾಗ ದನ ತಿಂದಿತು ಎಂದಿದ್ದೆ. ಅಮ್ಮ ನಂಬಿದಳು, ಅಥವಾ ನಂಬಿದ ಹಾಗೆ ಮಾಡಿದಳು.

ನೀಲಗಿರಿಯಲ್ಲಿ ಒಂದು ಬಿಳಿಯರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇದ್ದವರಂತೆ ಅವರು. ಆ ಮನೆಯವರು ತಮ್ಮ ದೇಶಕ್ಕೆ ಹೊರಟಾಗ ದೊರೆಸಾನಿ ತನ್ನ ಹೆಣೆಯುವ ಮೆಷಿನನ್ನು ಇವರಿಗೆ ಬಿಟ್ಟುಹೋದಳು. ಉದ್ದದ ಮರದ ಪೆಟ್ಟಿಗೆಯಲ್ಲಿ, ಮಂಗಳೂರಿನ ಬಸ್ಸಿನ ತಲೆಯ ಮೇಲೆ ಅದು ನಮ್ಮೂರಿಗೆ ಬಂತು. ಇಳಿಸುವಾಗ ಕಂಡಕ್ಟರ್ ಕೇಳಿದ್ದ.

"ಎಂತ ಬಾಯಮ್ಮ ಇದು, ಹಾರ್ಮೋನಿಯಮ್ಮಾ?"

"ಹೌದು, ಉಲ್ಲನ್ನಿನ ಹಾರ್ಮೋನಿಯಂ. ಮೆಲ್ಲ ಇಳಿಸು. ಅದು ಅಪಶ್ರುತಿಯಾದರೆ ನಿನ್ನ ಕಿವಿ ಹಿಂಡಿ ಶ್ರುತಿ ಮಾಡ್ತೇನೆ."

ಮೇಜಿಗೆ ಬಿಗಿದ ಉದ್ದದ ಕಬ್ಬಿಣದ ಹಾಸು. ಅದರಲ್ಲಿ ಸಾಲಾಗಿ ಕೊಕ್ಕೆಸೂಜಿಗಳು. ಮೇಲೆ ಒಂದು ಹಿಡಿಯಿದ್ದ ಗಾಡಿ. ಗಾಡಿಯನ್ನು ಎಡದಿಂದ ಬಲಕ್ಕೆ ಎಳೆದರೆ ಕರ್‍ರ್ ಎಂದು ಒಂದು ಸಾಲು, ಬಲದಿಂದ ಎಡಕ್ಕೆ ಎಳೆದರೆ ಇನ್ನೊಂದು ಸಾಲು. ಹೆಣೆದ ಬಟ್ಟೆ ಕೆಳಗೆ ಇಳಿಯುತ್ತಾ ಹೋಗುತ್ತದೆ. ಅದನ್ನು ಜಗ್ಗಿ ಹಿಡಿಯಲು ತೂಕ ಬೇಕು. ಮೆಷಿನಿನ ಜೊತೆ ಬಂದ ತೂಕಗಳು ದಾರಿಯಲ್ಲಿಯೇ ಕಳೆದುಹೋಗಿದ್ದರಿಂದ ಬಾಯಮ್ಮ ಮಲ್ಪೆಯಿಂದ ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು ತೂಗಿಸಿದ್ದರು. ಕಡಲಿನ ಗಾಳಿಗೆ ಸೂಜಿ ತುಕ್ಕು ಹಿಡಿಯುತ್ತಿತ್ತು. ಮುರಿದ ಕೊಕ್ಕೆಯನ್ನು ಪೇಟೆಯ ಅಕ್ಕಸಾಲಿಗರು ಮೂಗುತಿ ರಿಪೇರಿ ಮಾಡಿದಷ್ಟೇ ಭಕ್ತಿಯಿಂದ ರಿಪೇರಿ ಮಾಡಿ ಕೊಡುತ್ತಿದ್ದರು. ಬೆವರಿನ ಕೈಗೆ ನೂಲು ಅಂಟಬಾರದೆಂದು ಪಕ್ಕದಲ್ಲಿ ಒಂದು ಬಟ್ಟಲು ಅಕ್ಕಿಹಿಟ್ಟು ಇರುತ್ತಿತ್ತು.

ಈ ಸೆಖೆಯಲ್ಲಿ ಉಲ್ಲನ್ ಎಲ್ಲಿಂದ ಎಂದು ನೀವು ಕೇಳಬಹುದು. ಇಗರ್ಜಿಗೆ, ಅಂದರೆ ಅವರ ಚರ್ಚಿಗೆ, ಪರದೇಶದಿಂದ ಬಡವರಿಗೆಂದು ಹಳೆಬಟ್ಟೆಯ ಮೂಟೆಗಳು ಬರುತ್ತಿದ್ದವು. ಅದರಲ್ಲಿ ಹಿಮದಲ್ಲಿ ಹಾಕುವಂಥ ದಪ್ಪ ಸ್ವೆಟರುಗಳೂ ಇರುತ್ತಿದ್ದವು. ನಮ್ಮ ಕಡೆಯ ಬಡವರಿಗೆ ಅದರಿಂದ ಏನಾಗಬೇಕು? ಬಾಯಮ್ಮ ಎಲ್ಲವನ್ನೂ ಹೊತ್ತು ತಂದು, ಬಿಚ್ಚಿ, ತೊಳೆದು, ಉಂಡೆ ಮಾಡುತ್ತಿದ್ದರು. ಆಮೇಲೆ ಕ್ರಿಸ್‌ಮಸ್ಸಿಗೆ ಊರವರಿಗೆಲ್ಲ ಅದರಿಂದ ಒಂದೊಂದು ಉಡುಗೊರೆ.

ಉಡುಗೊರೆ ಸಿಕ್ಕಿದವರಿಗೆ ಅದನ್ನು ಏನು ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಕಾಪುವಿನಲ್ಲಿದ್ದ ಬಾಯಮ್ಮನ ಅಕ್ಕನ ಮನೆಗೆ ಒಂದು ವರ್ಷ ಚಹಾದ ಕೆಟ್ಲಿಗೆ ಹೊದಿಸುವ ಮುಸುಕು ಹೋಯಿತು. ಕೆಟ್ಲಿಯ ಮೂತಿಗೂ ಹಿಡಿಗೂ ಎರಡು ಬದಿಯಲ್ಲಿ ತೂತು. ಅಕ್ಕನ ಗಂಡ ಅದನ್ನು ತಲೆಗೆ ಹಾಕಿಕೊಂಡು, ಎರಡೂ ಕಿವಿಗಳನ್ನು ತೂತಿನಿಂದ ಹೊರಗೆ ಬಿಟ್ಟು, ಬೆಳಗ್ಗೆ ಇಗರ್ಜಿಯ ಅಂಗಳಕ್ಕೆ ಬಂದರಂತೆ. ಪಾದ್ರಿಗಳು ಅವತ್ತು ಪ್ರವಚನ ಮರೆತರಂತೆ. ಈ ಸುದ್ದಿ ಕೇಳಿ ನಾವೆಲ್ಲ ನೆಲಕ್ಕೆ ಬಿದ್ದು ನಗುವಾಗ ಬಾಯಮ್ಮ ಕೇಳಿದ್ದು ಒಂದೇ ಮಾತು. "ತಲೆಗೆ ಬಿಗಿ ಆಗ್ಲಿಲ್ಲ ಅಲ್ವಾ?"

ಕಾರ್ಕಳದಿಂದ ಬರುವ ಮೊದಲ ಬಸ್ಸಿನ ಡ್ರೈವರ್ ಮಾತ್ರ ಅವರು ಕೊಟ್ಟ ಮಫ್ಲರನ್ನು ನಿಜವಾಗಿ ಸುತ್ತಿಕೊಂಡ. ಅಲ್ಲಿ ಆ ಹೊತ್ತಿಗೆ ಮಂಜು ಬೀಳುತ್ತದೆ. ಬಸ್ಸು ಉಡುಪಿ ಮುಟ್ಟುವಾಗ ಬಿಸಿಲು ಏರಿ ಅವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದ್ದರೂ ಅವನು ಬಿಚ್ಚುತ್ತಿರಲಿಲ್ಲ. ಬಾಯಮ್ಮ ಪೇಟೆಗೆ ಕೆಲಸವಿಲ್ಲದಿದ್ದರೂ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಕುತ್ತಿಗೆ ನೋಡಿ ಬರುತ್ತಿದ್ದರು. ತಾನು ಮಾಡಿದ್ದು ಯಾರದೋ ಮೈಮೇಲೆ ಇದೆ ಎನ್ನುವುದು ಅವರಿಗೆ ಊಟಕ್ಕಿಂತ ಮುಖ್ಯವಾಗಿತ್ತು.

ಆದರೆ ಅವರ ಮನಸ್ಸಿನ ಕೊರಗು ಇದ್ದದ್ದು ನಮ್ಮ ಮನೆಯಲ್ಲಿ.

ನಮ್ಮದು ಮಡಿಯ ಮನೆ. ನನ್ನ ಅಪ್ಪನ ಅಮ್ಮ, ಅಂದರೆ ಅಜ್ಜಿ, ಮಡಿಯಲ್ಲಿ ಊರಿಗೇ ದೊಡ್ಡವಳು. ಅವಳ ಸೀರೆ ಒಣಗುವ ಬಿದಿರಿನ ಕೆಳಗೆ ನಾವು ಉಸಿರು ಬಿಡಲೂ ಹೆದರುತ್ತಿದ್ದೆವು. ಕ್ರಿಸ್‌ಮಸ್ಸಿನ ದಿನ ಬಾಯಮ್ಮ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ತರುವರು. ಕರ್ಜಿಕಾಯಿಯಂಥ ನೆವ್ರಿ, ರೋಸ್ ಕುಕ್ಕಿ, ಎಳ್ಳಿನ ಉಂಡೆ, ಮೇಲೆ ಅವರೇ ಹೆಣೆದ ಮುಚ್ಚುಬಟ್ಟೆ. ಅಜ್ಜಿ ನಗುಮುಖದಿಂದಲೇ ಹೇಳುವಳು. "ಅಲ್ಲಿ ಇಡು ಮಗಾ." ಅಲ್ಲಿ ಅಂದರೆ ಜಗಲಿಯ ಕೊನೆಯ ಮೆಟ್ಟಿಲು. ಬಾಯಮ್ಮ ಬೇಲಿ ದಾಟಿದ ಮೇಲೆ ಆ ತಟ್ಟೆ ಹಾಗೆಯೇ ದನದ ಹಟ್ಟಿಯ ಕೆಲಸದ ಅಕ್ಕುವಿನ ಕೈಗೆ ಹೋಗುತ್ತಿತ್ತು. ದಾರಿಯಲ್ಲಿ ಒಂದೆರಡು ನೆವ್ರಿ ಕಾಣೆಯಾಗುತ್ತಿದ್ದವು. ಅದರ ವಿಷಯ ನನ್ನನ್ನು ಕೇಳಬೇಡಿ. ಮರುದಿನ ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟು ಬೇಲಿಯಾಚೆ ಕಳಿಸುವುದು. ಎರಡೂ ಕಡೆಯವರಿಗೂ ಮರ್ಯಾದೆ.

ಬಾಯಮ್ಮನಿಗೆ ಇದು ಗೊತ್ತಿತ್ತು. ಗೊತ್ತು ಮಾಡಿದ್ದು ಅಕ್ಕುವೇ. ರಸ್ತೆಯಲ್ಲಿ ಸಿಕ್ಕಾಗ ಅಕ್ಕು ಏನೂ ಮುಚ್ಚಿಡದೆ ಹೇಳಿದ್ದಳು.

"ಬಾಯಮ್ಮ, ಈ ಸರ್ತಿ ನೆವ್ರಿಗೆ ಬೆಲ್ಲ ಕಡಿಮೆ ಆಗಿತ್ತು. ಹೋದ ವರ್ಷದ್ದು ಲಾಯಕ್ ಇತ್ತು."

"ಹೌದಾ? ಬರುವ ವರ್ಷ ಸರಿ ಮಾಡ್ತೇನೆ."

ಮುಂದಿನ ವರ್ಷ ನಿಜವಾಗಿಯೂ ಬೆಲ್ಲ ಹೆಚ್ಚಾಗಿತ್ತು. ತಟ್ಟೆ ಮಾತ್ರ ಮೊದಲಿನಂತೆ ನಮ್ಮ ಮೆಟ್ಟಿಲಿಗೇ ಬಂತು.

ಅಷ್ಟು ಯಾಕೆ ಹಟ ಎಂದರೆ ಅದಕ್ಕೆ ಕಾರಣ ಗಂಜಿ. ಒಂದು ಮಳೆಗಾಲದ ಆಟಿ ತಿಂಗಳಿನಲ್ಲಿ ಬಾಯಮ್ಮನಿಗೆ ಟೈಫಾಯ್ಡ್ ಬಂದು ಎದ್ದು ಕೂರಲೂ ಆಗದ ಹಾಗಾಯಿತು. ಆಗ ದಿನವೂ ಬೇಲಿಯ ಮೇಲಿಂದ ಗಂಜಿ ಕಳಿಸಿದವಳು ನಮ್ಮ ಅಜ್ಜಿ. ದಿನಕ್ಕೊಂದು ಮಣ್ಣಿನ ಸಣ್ಣ ಮಡಕೆಯಲ್ಲಿ, ಉಪ್ಪಿನ ಮಾವಿನಮಿಡಿ ಜೊತೆ. ಆ ಮಡಕೆ ಹಿಂದೆ ಬರುವುದು ಬೇಡ, ಅಲ್ಲೇ ಇರಲಿ ಎಂದು ಅಪ್ಪಣೆ. ಬಾಯಮ್ಮ ಅದರಲ್ಲಿ ಒಂದನ್ನೂ ಬಿಸಾಡಲಿಲ್ಲ. ತೊಳೆದು ಗೋಡೆಯ ಉದ್ದಕ್ಕೂ ಇಟ್ಟು ಉಲ್ಲನ್ ಉಂಡೆಗಳನ್ನು ಅದರಲ್ಲಿ ಹಾಕಿದ್ದರು. ಕೆಂಪು ಒಂದರಲ್ಲಿ, ನೀಲಿ ಒಂದರಲ್ಲಿ. ನಾನು ಕದ್ದು ಅವರ ಮನೆಗೆ ಹೋದಾಗಲೆಲ್ಲ ಆ ಮಡಕೆಗಳ ಮುಂದೆ ಹೆಜ್ಜೆ ಹಾಕುತ್ತಾ ಹೇಳುತ್ತಿದ್ದರು.

"ನಿನ್ನ ಅಜ್ಜಿಯ ಗಂಜಿಯಿಂದ ನಾನು ಎದ್ದು ಕೂತದ್ದು ಮಗಾ. ಅವರದ್ದು ನನ್ನ ಹೊಟ್ಟೆಯಲ್ಲಿ ಉಂಟು. ನನ್ನದು ಒಂದಾದ್ರೂ ಅವರ ಮನೆಯೊಳಗೆ ಉಳಿಯಬೇಕು. ಒಂದು ಸಾಕು. ಇಲ್ಲದಿದ್ರೆ ಎಂತ ನೆರೆಕರೆ ಇದು?"

ನನಗೆ ಆಗ ಹನ್ನೊಂದೋ ಹನ್ನೆರಡೋ. ದೊಡ್ಡವರ ವಿಷಯಕ್ಕೆ ಮೂಗು ತೂರಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಒಂದು ದಿನ ಗಾಡಿ ಓಡುವುದನ್ನು ನೋಡುತ್ತಾ, ನಮ್ಮ ಮನೆಯ ಧಾವಳಿಯ ಸುದ್ದಿ ಹೇಳಿದೆ. ಧಾವಳಿ ಎಂದರೆ ಮಡಿಗೆ ಉಡುವ ಉಣ್ಣೆಯ ಬಟ್ಟೆ. ಹತ್ತಿಯ ಸೀರೆಯಾದರೆ ಯಾರ ಗಾಳಿ ತಾಗಿದರೂ ಮತ್ತೆ ನೀರಿಗೆ ಹಾಕಬೇಕು. ಧಾವಳಿಗೆ ಆ ತಾಪತ್ರಯ ಇಲ್ಲ.

"ಯಾಕೆ ಇಲ್ಲ?" ಬಾಯಮ್ಮ ಕೇಳಿದರು.

"ಉಣ್ಣೆಗೆ ಮೈಲಿಗೆ ಇಲ್ಲ ಅಂತೆ. ಅಜ್ಜಿ ಹೇಳ್ತಾಳೆ."

"ಯಾರು ಮುಟ್ಟಿದ್ರೂ ಇಲ್ಲವಾ?"

"ಯಾರು ಮುಟ್ಟಿದ್ರೂ."

ಗಾಡಿ ಸಾಲಿನ ನಡುವೆ ನಿಂತಿತು. ನಡುವೆ ನಿಲ್ಲಿಸಿದರೆ ನೂಲು ಸಿಕ್ಕಾಗುತ್ತದೆ ಎಂದು ನನಗೆ ಬೈಯುತ್ತಿದ್ದವರು ಅವರೇ.

ಅಂದಿನಿಂದ ಅವರು ಬಿಳಿ ಉಲ್ಲನ್ ಸೇರಿಸತೊಡಗಿದರು. ಮೂಟೆಯಲ್ಲಿ ಬಿಳಿ ಕಡಿಮೆ. ಒಂದು ತೋಳು, ಒಂದು ಕಾಲರು, ಯಾವುದೋ ಮಗುವಿನ ಕಾಲುಚೀಲ. ಮಳೆಗಾಲವಿಡೀ ಬಿಚ್ಚಿದರು, ತೊಳೆದರು, ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಿದರು. ದೀಪಾವಳಿ ಕಳೆದ ಮೇಲೆ ಶಾಲು ಸುರುವಾಯಿತು. ಮೆಷಿನಿನ ಅಗಲ ಸಾಲದ್ದರಿಂದ ಎರಡು ಪಟ್ಟಿ ಮಾಡಿ ನಡುವೆ ಕೈಯಲ್ಲಿ ಹೊಲಿದರು. ಹೊಲಿಗೆ ಕಾಣಬಾರದೆಂದು ಬಿಚ್ಚಿ ಮತ್ತೆ ಹೊಲಿದರು. ಆ ದಿನಗಳಲ್ಲಿ ಅವರ ಮನೆಗೆ ಹೋದರೆ ನನಗೂ ಕಾಲು ನಿಲ್ಲುತ್ತಿರಲಿಲ್ಲ. ಗಾಡಿ ಆ ಕಡೆ, ಈ ಕಡೆ. ಅವರ ಕಣ್ಣು ಕಿಟಕಿಯಿಂದ ನಮ್ಮ ಜಗಲಿಗೆ, ಜಗಲಿಯಿಂದ ಸೂಜಿಗೆ.

"ಅಳತೆ ಸಾಕಾ? ಅಜ್ಜಿ ಎಷ್ಟು ಉದ್ದ? ನಿನ್ನ ಅಮ್ಮನಿಗಿಂತ ಗಿಡ್ಡವಾ? ಸರಿ ನೋಡಿ ಬಾ ಮಾರಾಯ್ತಿ."

ಕ್ರಿಸ್‌ಮಸ್ ಬಂತು. ಆ ವರ್ಷ ನಮ್ಮ ಮನೆಗೆ ತಟ್ಟೆ ಬರಲಿಲ್ಲ. ಬಾಯಮ್ಮ ಎರಡೂ ಕೈಯಲ್ಲಿ ಶಾಲು ಹಿಡಿದು ಅಂಗಳಕ್ಕೆ ಬಂದರು. ಅಜ್ಜಿ ಅಭ್ಯಾಸದಂತೆ ಮೆಟ್ಟಿಲಿನ ಕಡೆ ಕೈ ತೋರಿಸಿದಳು.

"ಅಲ್ಲಿ ಇಡುವಂಥದ್ದಲ್ಲ ಅಮ್ಮ, ಉಲ್ಲನ್" ಅಂದರು ಬಾಯಮ್ಮ. "ಉಲ್ಲನ್‌ಗೆ ಎಂತದೂ ಇಲ್ಲ ಅಲ್ವಾ?"

ಅಜ್ಜಿ ನನ್ನ ಕಡೆ ನೋಡಿದಳು. ನಾನು ಮಾಡಿನ ಹಂಚು ಎಣಿಸುವವಳ ಹಾಗೆ ಮೇಲೆ ನೋಡಿದೆ. ಇಡೀ ಊರಿಗೆ ಶಾಸ್ತ್ರ ಹೇಳುವವಳಿಗೆ ತನ್ನ ಶಾಸ್ತ್ರವನ್ನೇ ತಪ್ಪು ಎನ್ನಲು ಬಾಯಿ ಬರಲಿಲ್ಲ. ಕೈ ಚಾಚಿದಳು. ಬಾಯಮ್ಮನ ಕೈಯಿಂದ ಅಜ್ಜಿಯ ಕೈಗೆ ಒಂದು ವಸ್ತು ನೇರವಾಗಿ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಯಮ್ಮ ಓಡುವ ಹಾಗೆ ಮನೆಗೆ ಹೋದರು.

ತೆಗೆದುಕೊಂಡದ್ದೇನೋ ಆಯಿತು, ಈಗ ಚಡಪಡಿಕೆ ಅಜ್ಜಿಯದ್ದು. ಶಾಲನ್ನು ಗೋಡೆಯ ಗಿಳಿಗೂಟಕ್ಕೆ ಹಾಕಿದಳು, ತೆಗೆದಳು. ಬೆತ್ತದ ಪೆಟ್ಟಿಗೆಯಲ್ಲಿಟ್ಟಳು, ತೆಗೆದಳು. ಉಣ್ಣೆಗೆ ಮೈಲಿಗೆ ಇಲ್ಲ, ಸರಿ. ಆದರೆ ಇದು ಯಾವ ದೇಶದ ಯಾರ ಮೈಮೇಲಿದ್ದ ಉಣ್ಣೆಯೋ. ಶಾಸ್ತ್ರ ಒಂದು ಹೇಳುತ್ತಿತ್ತು, ಅವಳ ಕೈ ಇನ್ನೊಂದು ಹೇಳುತ್ತಿತ್ತು. ಮಧ್ಯಾಹ್ನ ಊಟವಾದದ್ದೇ ಎದ್ದು ಬಚ್ಚಲಿಗೆ ಹೋದಳು. ಹಂಡೆಯಲ್ಲಿ ನೀರು ಮರಳುತ್ತಿತ್ತು. ಅಂಟುವಾಳಕಾಯಿ ಜಜ್ಜಿ ಹಾಕಿ, ಶಾಲನ್ನು ಅದರೊಳಗೆ ಮುಳುಗಿಸಿದಳು. ಕೋಲಿನಿಂದ ಎತ್ತಿ ಕಲ್ಲಿಗೆ ಬಡಿದಳು. ಮತ್ತೆ ಹಂಡೆಗೆ. ಮತ್ತೆ ಕಲ್ಲಿಗೆ. ಆಮೇಲೆ ಬಾವಿಯ ತಣ್ಣೀರು. ಅಷ್ಟಾದರೂ ಸಾಲದೆಂದು ಮತ್ತೆ ಹಂಡೆಗೆ.

ಕೊನೆಗೆ ಕೋಲಿನಿಂದ ಎತ್ತಿದಾಗ ಅದು ಶಾಲು ಆಗಿ ಉಳಿದಿರಲಿಲ್ಲ. ನೆನೆದ ಗೋಣಿಚೀಲದಷ್ಟು ದಪ್ಪ, ಒಬ್ಬರು ಕೂರುವ ಮಣೆಗಿಂತ ಸ್ವಲ್ಪ ದೊಡ್ಡ ಒಂದು ತುಂಡು.

"ಬಾಕಿದ್ದು ಎಲ್ಲಿ?" ಎಂದು ಅಜ್ಜಿ ಹಂಡೆಯೊಳಗೆ ಇಣುಕಿದಳು.

ಹಂಡೆಯಲ್ಲಿ ನೊರೆ ಮಾತ್ರ ಇತ್ತು. "ಹಿಡಿ ಆ ಕೊನೆ. ಎಳೆ" ಎಂದಳು. ಅವಳು ಒಂದು ಕಡೆ, ನಾನು ಒಂದು ಕಡೆ. ಎಳೆದೆವು. ಉಲ್ಲನ್ ಜಗ್ಗಲಿಲ್ಲ, ನಾನು ಜಾರಿ ಬಚ್ಚಲಿನ ನೆಲಕ್ಕೆ ಕೂತೆ. "ಎಳೆ ಮಾರಾಯ್ತಿ, ತಿಂದದ್ದು ಎಲ್ಲಿಗೆ ಹೋಯಿತು?" ಅಂದಳು. ನಗಬೇಕೆಂದಿದ್ದವಳು ಅವಳ ಮುಖ ನೋಡಿ ಎದ್ದು ಮತ್ತೆ ಕೊನೆ ಹಿಡಿದೆ. ಹೆದರಿದ ಅಜ್ಜಿಯನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಆ ಹೆಂಗಸಿಗೆ ಹೇಳಿದರೆ ನೋಡು" ಎಂದಳು ಮೆಲ್ಲಗೆ. "ಬೇಕೆಂದು ಹಾಳು ಮಾಡಿದೆ ಅಂತ ಎಣಿಸ್ತಾಳೆ."

ಬೇಲಿಯಾಚೆ ಬಾಯಮ್ಮ ಶಾಲು ಕಣ್ಣಿಗೆ ಬೀಳಲಿ ಎಂದು ಕಾಯುತ್ತಿದ್ದರು. ಬೆಳಗ್ಗೆ ಬೇಲಿಯ ಉದ್ದಕ್ಕೂ ಒಮ್ಮೆ, ಸಂಜೆ ಒಮ್ಮೆ. ನಮ್ಮ ಬಿದಿರಿನ ಮೇಲೆ ಬಿಳಿ ಕಂಡರೆ ನಿಲ್ಲುವರು. ಅದು ಅಪ್ಪನ ಪಂಚೆ. ಮತ್ತೆ ನಡೆಯುವರು. ನಾನು ಕೈಗೆ ಸಿಕ್ಕಿದಾಗ ಹಿಡಿದುಕೊಂಡರು.

"ಅಜ್ಜಿ ಹೊದ್ದರಾ?"

"ಉಪಯೋಗಿಸ್ತಾಳೆ."

"ಚಳಿಗಾ?"

"ಜಪಕ್ಕೆ."

ಅದು ಸುಳ್ಳಲ್ಲ. ಒಣಗಿದ ಮೇಲೆ ಆ ತುಂಡನ್ನು ಎಲ್ಲಿಡುವುದೆಂದು ತಿಳಿಯದೆ ಅಜ್ಜಿ ದೇವರಕೋಣೆಯ ತಣ್ಣನೆಯ ನೆಲಕ್ಕೆ ಹಾಕಿ ಅದರ ಮೇಲೆ ಕೂತಿದ್ದಳು. ಆದರೆ ಬಾಯಮ್ಮನಿಗೆ ನನ್ನ ಮಾತು ನಂಬಿಕೆಯಾಗಲಿಲ್ಲ. ಜಪಕ್ಕೆ ಶಾಲು ಹೊದೆಯುವುದೆಂದರೆ ಒಂದು ದಿನವಾದರೂ ಜಗಲಿಯಲ್ಲಿ ಕಾಣಬೇಡವೇ? ತಟ್ಟೆಯ ಹಾಗೆ ಇದೂ ಹಟ್ಟಿಗೆ ಹೋಯಿತು ಎಂದು ಅವರು ತೀರ್ಮಾನ ಮಾಡಿಬಿಟ್ಟರು. ಮೆಷಿನಿನ ಸದ್ದು ನಿಂತಿತು. ಆ ಮನೆಯಿಂದ ಕರ್‍ರ್ ಎಂಬ ಸದ್ದು ಇಲ್ಲದೆ ನನಗೆ ಪಾಠ ಓದಲೂ ಆಗುತ್ತಿರಲಿಲ್ಲ. ಮೊದಲೂ ಓದುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಒಂದು ಬೆಳಗ್ಗೆ ಅಕ್ಕು ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು. ನಾನು ನಮ್ಮ ಬೇಲಿಯ ಬಳಿ ದಾಸವಾಳ ಕೊಯ್ಯುತ್ತಿದ್ದೆ. ಬಾಯಮ್ಮ ಅಡ್ಡ ನಿಂತರು.

"ಬೆಚ್ಚಗೆ ಉಂಟಾ ಅಕ್ಕು?"

"ಎಂತದು ಬೆಚ್ಚಗೆ?"

"ನಾನು ಕೊಟ್ಟದ್ದು. ಈ ಸರ್ತಿಯದ್ದು."

ಅಕ್ಕು ಹೊರೆ ಕೆಳಗೆ ಹಾಕಿದಳು. ಅವಳಿಗೂ ಹೇಳಲಿಕ್ಕೆ ಇತ್ತು.

"ಒಳ್ಳೆ ಮಾತು ನಿಮ್ಮದು. ಈ ವರ್ಷ ನನಗೆ ಎಂತ ಬಂತು? ನೆವ್ರಿ ಇಲ್ಲ, ಉಂಡೆ ಇಲ್ಲ. ಮಕ್ಕಳು ಹಟ್ಟಿಯ ಬಾಗಿಲಲ್ಲೇ ಕೂತು ಕಾದವು. ಎಂತದೋ ಬಿಳಿ ಬಟ್ಟೆ ತಂದು ಕೊಟ್ಟಿರಂತೆ, ಅದನ್ನು ಆ ಮನೆಯ ದೊಡ್ಡಮ್ಮ ಒಳಗೇ ಇಟ್ಟುಕೊಂಡರು. ನನ್ನ ಹೊಟ್ಟೆಗೆ ಹೊಡೆದಿರಿ ನೀವು."

ಬಾಯಮ್ಮ ಅಕ್ಕುವಿನ ಎರಡೂ ಕೈ ಹಿಡಿದುಕೊಂಡರು. "ಒಳಗೇ ಇಟ್ಟುಕೊಂಡರಾ? ಇನ್ನೊಮ್ಮೆ ಹೇಳು ಅಕ್ಕು." ಅಕ್ಕು ಇನ್ನೊಮ್ಮೆ ಹೇಳಿದಳು, ಮೊದಲಿಗಿಂತ ಜೋರಾಗಿ, ಬೈಗುಳ ಸೇರಿಸಿ. ಬಾಯಮ್ಮ ಸಂಗೀತ ಕೇಳುವವರ ಹಾಗೆ ಕೇಳಿದರು. ಆಮೇಲೆ ನೇರ ನಮ್ಮ ಅಂಗಳಕ್ಕೆ ನಡೆದರು.

"ಅಮ್ಮ, ಒಮ್ಮೆ ತೋರಿಸಿ. ನೋಡಿ ಹೋಗ್ತೇನೆ."

ಅಜ್ಜಿ ಬಾಗಿಲಿಗೆ ಬಂದಳು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ, ಆ ವಿದ್ಯೆ ಒಂದು ತಲೆಮಾರು ದಾಟಿ ನನಗೆ ಬಂದದ್ದು. ಒಳಗೆ ಹೋಗಿ ಆ ತುಂಡನ್ನು ತಂದು ಬಾಯಮ್ಮನ ಕೈಗೆ ಕೊಟ್ಟಳು.

ಬಾಯಮ್ಮ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಒತ್ತಿದರು. ತಾವು ಬಿಚ್ಚಿ ಬಿಚ್ಚಿ ಹೊಲಿದ ನಡುವಿನ ಹೊಲಿಗೆಯನ್ನು ಹುಡುಕಿದರು, ಅದು ಉಣ್ಣೆಯೊಳಗೆ ಮುಚ್ಚಿಹೋಗಿತ್ತು. ಉಲ್ಲನ್ ಹೀಗಾಗಬೇಕಾದರೆ ಏನೇನು ಆಗಿರಬೇಕು ಎಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಯಾಕೆ ಆಯಿತು ಎಂದೂ ಹೇಳಬೇಕಿರಲಿಲ್ಲ.

"ಎಷ್ಟು ಸರ್ತಿ ಕುದಿಸಿದಿರಿ ಅಮ್ಮ?"

"ಮನಸ್ಸಿಗೆ ಸಮಾಧಾನ ಆಗುವವರೆಗೆ" ಅಂದಳು ಅಜ್ಜಿ.

ಬಾಯಮ್ಮ ಆ ತುಂಡನ್ನು ಎರಡಾಗಿ ಮಡಚಿದರು. ಈಗ ಇವರು ಅದನ್ನು ಕಂಕುಳಲ್ಲಿಟ್ಟುಕೊಂಡು ಹೋಗಿಬಿಡುತ್ತಾರೆ, ಇನ್ನು ಬೇಲಿಯ ಕಡೆ ನೋಡುವುದಿಲ್ಲ ಎಂದು ನಾನು ಬೇಲಿಯ ದಾರಿಗೆ ಅಡ್ಡ ನಿಂತೆ.

"ಹಾಳಾಯ್ತು" ಅಂದಳು ಅಜ್ಜಿ. "ನಾನೇ ಹಾಳು ಮಾಡಿದ್ದು. ಆದರೆ ಕೂರ್‍ಲಿಕ್ಕೆ ಒಳ್ಳೆದುಂಟು. ಮೊಣಕಾಲು ನೋವು ಅರ್ಧ ಹೋಗಿದೆ. ತೆಗೆದುಕೊಂಡು ಹೋಗಬೇಡ."

ಬಾಯಮ್ಮ ಅದನ್ನು ಇನ್ನೂ ಒಮ್ಮೆ ಒತ್ತಿದರು.

"ಹಾಳಾದದ್ದಲ್ಲ. ನೀಲಗಿರಿಯಲ್ಲಿ ದೊರೆಸಾನಿ ಬೇಕೆಂದೇ ಹೀಗೆ ಮಾಡ್ತಿದ್ದರು. ಫೆಲ್ಟ್ ಅಂತಾರೆ. ಅವರಿಗೂ ಇಷ್ಟು ಗಟ್ಟಿ ಬರ್ತಿರಲಿಲ್ಲ." ನಗು ಬಂದು ಹೋಯಿತು. ಆಮೇಲೆ ಕಣ್ಣೆತ್ತದೆ ಕೇಳಿದರು. "ಇನ್ನೊಂದು ಮಾಡಿ ತಂದರೆ ಅದನ್ನೂ ಕುದಿಸ್ತೀರಾ?"

ಅಜ್ಜಿ ಬಾವಿಯ ಕಡೆ ನೋಡಿದಳು, ಬಚ್ಚಲಿನ ಕಡೆ ನೋಡಿದಳು. ಅವಳ ಲೆಕ್ಕದಲ್ಲಿ ಶುದ್ಧ ಮಾಡುವುದು ಅವಳ ಬಾವಿಯ ನೀರು, ಅವಳ ಹಂಡೆ. ಬೇಲಿಯಾಚೆಯ ನೀರಿನಲ್ಲಿ ಏನಾದರೂ ಶುದ್ಧವಾದೀತು ಎಂದು ಅವಳು ಅದುವರೆಗೆ ಒಮ್ಮೆಯೂ ಅಂದವಳಲ್ಲ.

"ನಾನು ಯಾಕೆ ಕುದಿಸಬೇಕು?" ಅಂದಳು. "ನಿನ್ನ ಮನೆಯಲ್ಲಿ ಹಂಡೆ ಇಲ್ಲವಾ? ನೀನೇ ಕುದಿಸಿ ಕೊಡು."

ಮರುವರ್ಷವಿಡೀ ಬಾಯಮ್ಮನ ಬಚ್ಚಲಿನ ಮಾಡಿನಿಂದ ಹೊಗೆ ಏಳುತ್ತಿತ್ತು. ದೊಡ್ಡದಾಗಿ ಹೆಣೆಯುವುದು, ಕುದಿಸುವುದು, ಬಡಿಯುವುದು. ಮೊದಮೊದಲು ಟೊಪ್ಪಿಗಳು ಕುಗ್ಗಿ ತೆಂಗಿನ ಚಿಪ್ಪಿಗೆ ಸರಿಯಾದವು. ಆ ಸರ್ತಿ ಊರವರ ಉಡುಗೊರೆಗಳೆಲ್ಲ ಫೆಲ್ಟ್. ಪೇಟೆಯ ಹೋಟೆಲಿನ ಅಡುಗೆಭಟ್ಟರಿಗೆ ಬಿಸಿ ಪಾತ್ರೆ ಹಿಡಿಯಲು ಒಂದು ಜೊತೆ ತುಂಡು ಸಿಕ್ಕಿತು. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆಗೂ ಹೋಗುತ್ತಿದ್ದರು. ಕುಸ್ವಾರಿನ ತಟ್ಟೆ ನಮ್ಮ ಮೆಟ್ಟಿಲು ಮುಟ್ಟದೆ ನೇರ ಅಕ್ಕುವಿನ ಮನೆಗೆ ಹೋಯಿತು. ನಷ್ಟವಾದದ್ದು ನನಗೊಬ್ಬಳಿಗೆ.

ನಮ್ಮ ಅಂಗಳಕ್ಕೆ ಬಾಯಮ್ಮ ತಂದದ್ದು ದುಂಡಗಿನ ಒಂದು ಆಸನ. ಬಿಳಿಯ ಸುತ್ತ ತೆಳುವಾಗಿ ಕೆಂಪಂಚು. ಅಜ್ಜಿ ಕೈಯಲ್ಲೇ ತೆಗೆದುಕೊಂಡಳು. ನಾನು ಅವಳ ಕಾಲನ್ನೇ ನೋಡಿದೆ. ಬಚ್ಚಲಿನ ಕಡೆ ತಿರುಗುತ್ತಾಳೋ ಎಂದು ಬಾಯಮ್ಮನೂ ನೋಡಿದರು. ತಿರುಗಲಿಲ್ಲ. ನೇರ ಒಳಗೆ ಹೋಗಿ, ಅಂಗಳಕ್ಕೆ ಕಾಣುವ ಹಾಗೆ ಬಾಗಿಲು ತೆರೆದಿಟ್ಟು, ದೇವರಕೋಣೆಯ ಮುಂದೆ ಹಾಕಿ ಕೂತಳು. ಅತ್ತ ಸರಿದಳು, ಇತ್ತ ಸರಿದಳು.

"ಎಂತ ಇದು, ಮೊಣಕಾಲು ಹೊರಗೆ ಹೋಗ್ತದೆ" ಎಂದು ಅಲ್ಲಿಂದಲೇ ಕೂಗಿದಳು. "ಬರುವ ವರ್ಷ ಸ್ವಲ್ಪ ದೊಡ್ಡದು ಮಾಡು."

ಅಂದು ಕ್ರಿಸ್‌ಮಸ್. ಹಬ್ಬದ ದಿನ ಕೆಲಸಕ್ಕೆ ಕೈ ಹಾಕಬಾರದೆಂದು ಅವರ ಪಾದ್ರಿಗಳು ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಆದರೂ ನಾವು ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಬೇಲಿಯಾಚೆಯಿಂದ ಸದ್ದು ಸುರುವಾಯಿತು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ.